ಶ್ವೇತಳ ಬೆನ್ನ ಹಿಂದಿನ ಖೋ

ಸಾರಕ್ಕಿಯ ಶ್ವೇತಳಿಗೆ ಓಟ ಕಲಿಸಿದ್ದು ಅಜ್ಜಿ ಮರಿಯಮ್ಮನ ಪೊರಕೆ. ಒಣಗಲು ಹಾಕಿದ ಹುಣಸೆಹಣ್ಣಿಗೆ ಕೈ ಹಾಕಿದ ಮೊಮ್ಮಗಳು, ಪೊರಕೆ ಬೆನ್ನಿಗೆ ತಾಗುವುದರೊಳಗೆ ಕಾಂಪೌಂಡ್ ದಾಟಿರುತ್ತಿದ್ದಳು. ಆ ಕಾಲುಗಳೇ ಅವಳನ್ನು ಬನಶಂಕರಿಯ ಖೋ-ಖೋ ತಂಡಕ್ಕೆ ಸೇರಿಸಿದವು. ಕಾಲೇಜಿಗೆ ಸೇರಿದ ವರ್ಷ ಕಾಲಿಗೆ ಹೊಸ ಬೂಟು ಬಂತು, ಕಿವಿಗೆ ಇಯರ್‌ಫೋನ್ ಬಂತು. ಬೂಟನ್ನಾದರೂ ಮನೆಗೆ ಬಂದ ಮೇಲೆ ಬಿಚ್ಚುತ್ತಿದ್ದಳು. ಇಯರ್‌ಫೋನ್ ಮಾತ್ರ ಮಲಗಿದರೂ ಕಿವಿಯಲ್ಲೇ. ಬಸ್ಸಿನ ಗಲಾಟೆ ಜೋರಾದಷ್ಟೂ ಹಾಡನ್ನೂ ಜೋರು ಮಾಡುವಳು.

"ಲೇ, ಕಿವಿಗೆ ಬಿರಡೆ ಜಡ್ಕೊಂಡಿದ್ದೀಯೇನೇ? ಕುಕ್ಕರ್ ಕೂಗೀ ಕೂಗೀ ಬೇಳೆ ಸೀದೋಯ್ತು!"

"ಕೂಗ್ಲೇ ಇಲ್ಲ ಅಜ್ಜಿ!"

ಹುಡುಗಿ ಸುಳ್ಳು ಹೇಳಿರಲಿಲ್ಲ. ಇಯರ್‌ಫೋನ್ ತೆಗೆದಿಟ್ಟಾಗಲೂ ಅವಳ ಕಿವಿಯೊಳಗೆ ಜೀರುಂಡೆ ಕೂತ ಹಾಗೆ ಗುಂಯ್ ಎನ್ನುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಭಾನುವಾರದ ಫೈನಲ್ ಪಂದ್ಯದಿಂದ ಕೋಚ್ ಪಿಳ್ಳಣ್ಣ ಮೇಷ್ಟ್ರು ಕೈಬಿಡುತ್ತಾರೆಂಬ ಭಯ. ಅವಳು ಆಡಲಿದ್ದ ಮೊದಲ ಫೈನಲ್ ಅದು.

ಖೋ-ಖೋದಲ್ಲಿ ಸಾಲಾಗಿ ಕೂತವರು ಸುಮ್ಮನೆ ಏಳುವಂತಿಲ್ಲ. ಎದುರಾಳಿಯನ್ನು ಅಟ್ಟಿಸಿಕೊಂಡು ಓಡಿ ಬಂದ ಜೊತೆಗಾತಿ ಹಿಂದಿನಿಂದ ಬೆನ್ನು ತಟ್ಟಿ 'ಖೋ' ಎಂದ ಮೇಲೆಯೇ ಏಳಬೇಕು, ಮೊದಲೇ ಎದ್ದರೆ ಫೌಲ್. ಶ್ವೇತಳಿಗೆ ಖೋ ಸರಿಯಾಗಿ ಕೇಳುತ್ತಿರಲಿಲ್ಲ. ಬೆನ್ನ ಹಿಂದೆ ಯಾರೋ ಬಂದರೆನಿಸಿದ ಕೂಡಲೇ ಅಂದಾಜಿನ ಮೇಲೆ ಹಾರಿಬಿಡುತ್ತಿದ್ದಳು.

"ಏನಮ್ಮಾ, ಕೂತಿರೋ ಜಾಗದಲ್ಲಿ ಮುಳ್ಳಿದ್ಯಾ?" ಮೇಷ್ಟ್ರು ರೇಗಿದರು. "ಇನ್ನೊಂದ್ಸಲ ಹಿಂಗೆ ಎದ್ರೆ ಭಾನುವಾರ ನೀರಿನ ಬಾಟ್ಲಿ ಕಾಯ್ತಾ ಕೂರ್ತೀಯ!"

ಗೆಳತಿ ಪ್ರಕೃತಿಗೆ ಮಾತ್ರ ಅನುಮಾನ ಬಂತು. "ಮಗಾ, ನಿಜ ಹೇಳು. ನಾನು ಖೋ ಅಂದಿದ್ದು ನಿಂಗೆ ಕೇಳ್ಸುತ್ತಾ?"

ಶ್ವೇತ ಗಳಗಳನೆ ಅತ್ತಳು. ಪ್ರಕೃತಿ ಅವಳನ್ನು ಎಳೆದುಕೊಂಡೇ ಜಯನಗರದ ಕಿವಿ ಡಾಕ್ಟರ ಬಳಿಗೆ ಹೋದಳು. ಅಲ್ಲಿ ಸದ್ದಿಲ್ಲದ ಪುಟ್ಟ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಎಷ್ಟೋ ಹೊತ್ತು ಶ್ವೇತಳ ಬೆರಳು ಗುಂಡಿಯ ಮೇಲೆ ಸುಮ್ಮನೆ ಕಾದಿತ್ತು.

"ಸೀಟಿಯಂಥ ತೆಳು ಸದ್ದುಗಳು ನಿಮಗೆ ಕಡಿಮೆ ಕೇಳ್ತಿವೆ," ಎಂದರು ಡಾಕ್ಟರಮ್ಮ. "ಹೋಗಿರೋದು ವಾಪಸ್ ಬರೋದು ಕಷ್ಟ. ಇರೋದನ್ನ ಉಳಿಸ್ಕೊಳ್ಳಿ. ಇಯರ್‌ಫೋನ್ ಬಿಡಿ."

"ಆಟ?"

"ಆಟ ಬಿಡಿ ಅಂತ ನಾನೆಲ್ಲಿ ಅಂದೆ?"

ಅಷ್ಟು ಸಾಕಾಗಿತ್ತು! ಅಲ್ಲಿಂದ ನೇರ ಮೈದಾನಕ್ಕೆ ಓಡಿ, ಶ್ವೇತ ಮೇಷ್ಟ್ರ ಮುಂದೆ ಎಲ್ಲವನ್ನೂ ಹೇಳಿಬಿಟ್ಟಳು. ಅವರು ಮೀಸೆ ತಿರುವುತ್ತ ಹುಡುಗಿಯರತ್ತ ತಿರುಗಿದರು. "ಕೇಳ್ರಮ್ಮ! ಈ ಗುಬ್ಬಿ ಥರ ಕೀಚಲು ದನಿ ಇನ್ಮೇಲೆ ಬೇಡ. ಖೋ ಹೊಟ್ಟೆಯಿಂದ ಬರ್ಬೇಕು! ಶ್ವೇತಾ, ಅದು ಕಿವಿಗೆ ಬೀಳೋ ತನಕ ನೀನು ಅಲ್ಲಾಡಂಗಿಲ್ಲ."

ಆ ಸಂಜೆ ಮೈದಾನದಲ್ಲಿ ಎಮ್ಮೆಗಳ ಹಿಂಡು ನುಗ್ಗಿ ಕೂಗಿದ ಹಾಗಾಯಿತು. ವಾಕಿಂಗ್ ಬಂದವರು ನಿಂತು ನಕ್ಕರು. ಕೂಗೀ ಕೂಗೀ ಪ್ರಕೃತಿಯ ಗಂಟಲು ಕಟ್ಟಿತು. ಆದರೂ ಶ್ವೇತ ಖೋ ಕೇಳಿಯೇ ಎದ್ದಳು!

ಭಾನುವಾರ ಪಂದ್ಯ ನೋಡಲು ಅಜ್ಜಿ ಬಂದಿದ್ದಳು. ಇದ್ದ ಗಲಾಟೆ ಸಾಲದೆಂಬಂತೆ ತಮಟೆಯವರು ಬೇರೆ ಬಂದಿದ್ದರು. ಗೆಲ್ಲಲು ಎದುರು ತಂಡದ ಇನ್ನೊಬ್ಬಳು ಔಟಾಗಬೇಕಿತ್ತು, ಸಮಯ ಮುಗಿಯುತ್ತ ಬಂದಿತ್ತು. ಪ್ರಕೃತಿ ಓಡಿ ಬಂದಳು. ಅವಳ ಬಿಸಿಯುಸಿರು ಶ್ವೇತಳ ಕತ್ತಿಗೆ ತಾಗಿತು. ತೊಡೆಗಳು ಏಳು, ಏಳು ಎಂದು ತುಡಿದವು. ಖೋ? ಇಲ್ಲ. ಶ್ವೇತ ಹಲ್ಲು ಕಚ್ಚಿ ಕೂತೇ ಇದ್ದಳು.

ಪ್ರಕೃತಿ ಖೋ ಕೊಡುವವಳಂತೆ ಬಗ್ಗಿದ್ದಳಷ್ಟೇ! ಶ್ವೇತ ಎದ್ದೇ ಏಳುತ್ತಾಳೆಂದುಕೊಂಡ ಎದುರಾಳಿ, ಅವಳಿಂದ ತಪ್ಪಿಸಿಕೊಳ್ಳಲು ಸಾಲು ದಾಟಿ ಪ್ರಕೃತಿಯ ಕಡೆಗೇ ನುಗ್ಗಿದಳು. ಪ್ರಕೃತಿ ಕಣ್ಣೆದುರೇ ಕೈಚಾಚಿ ನಿಂತಿದ್ದು ಕಂಡು, ಗಾಬರಿಯಿಂದ ತಿರುಗಿ ಶ್ವೇತಳ ಮುಂದಕ್ಕೇ ಬಂದುಬಿಟ್ಟಳು.

"ಖೋ!"

ಬೆನ್ನಿಗೆ ಏಟು, ಕಿವಿಗೆ ಖೋ, ಎರಡೂ ಒಟ್ಟಿಗೇ ಬಿದ್ದವು. ಶ್ವೇತ ಬಾಣದಂತೆ ಹಾರಿ ಮಣ್ಣಿಗೆ ಮೈಚೆಲ್ಲಿದಳು. ಬೆರಳ ತುದಿಗೆ ಎದುರಾಳಿಯ ಹಿಮ್ಮಡಿ ಸಿಕ್ಕಿತು!

ಅಂಪೈರ್ ಊದಿದ ಸೀಟಿ ಅವಳಿಗೆ ಕೇಳಲೇ ಇಲ್ಲ. ಹುಡುಗಿಯರೆಲ್ಲ ಬಂದು ಮೇಲೆ ಬಿದ್ದಾಗಲೇ ಗೆದ್ದದ್ದು ಗೊತ್ತಾಯಿತು. ಆ ರಾಶಿಯ ಅಡಿಯಲ್ಲಿದ್ದವಳಿಗೆ ಒಂದು ದನಿ ಮಾತ್ರ ಸ್ಪಷ್ಟವಾಗಿ ಕೇಳಿಸಿತು.

"ಏಳ್ರೇ ಮೇಲೆ! ನನ್ ಮೊಮ್ಮಗಳ್ನ ಚಟ್ನಿ ಮಾಡ್ತೀರಾ?"

"ಅಜ್ಜೀ, ಕೇಳಿಸ್ತು!" ಕೆಳಗಿನಿಂದಲೇ ಕೂಗಿದಳು ಶ್ವೇತ.