ಹನ್ನಾಳಿಗೆ ಹಾಕಿಸದ ಸೂಜಿ

ಹನ್ನಾಳಿಗೆ ನಾಯಿ ಕಚ್ಚಿದ್ದನ್ನು ಮುಚ್ಚಿಟ್ಟವಳು ನಾನು. ಆ ನಾಯಿ ಎಂಟನೇ ದಿನ ಸತ್ತದ್ದನ್ನು ಮುಚ್ಚಿಟ್ಟವಳೂ ನಾನೇ. ಹದಿನಾಲ್ಕು ತಿಂಗಳು – ಒಬ್ಬರಿಗೂ ಹೇಳಲಿಲ್ಲ.

ಹನ್ನಾ ಜರ್ಮನಿಯ ಹುಡುಗಿ. ವಿದ್ಯಾರ್ಥಿ ವಿನಿಮಯದಲ್ಲಿ ಮುಧೋಳಕ್ಕೆ ಬಂದು ಮೂರು ತಿಂಗಳು ನಮ್ಮ ಮನೆಯಲ್ಲಿದ್ದಳು. ನಾಯಿ ಇರುವ ಮನೆ ಬೇಡವೇನೋ ಎಂದು ಕಾಲೇಜಿನವರು ಅನುಮಾನಿಸಿದಾಗ, ನಮ್ಮ ಸುಂದ್ರ್ಯಾ ಅಸಲಿ ಮುಧೋಳ ತಳಿ, ಹಸುಗೂಸಿನಷ್ಟು ಸಾಧು ಎಂದು ಎದೆ ತಟ್ಟಿ ಹೇಳಿದ್ದೆ. ಫಾರಿನ್ ಹುಡುಗಿ ನಮ್ಮ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವುದನ್ನು ನೋಡಲು ಓಣಿಯ ಹೆಂಗಸರು ಬಂದರೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಓಣಿಯ ಮಾತು ಕಲಿತು ನನ್ನನ್ನು ಅವಳು ಅವ್ವಾ ಎನ್ನುತ್ತಿದ್ದಳು.

ನಮ್ಮಲ್ಲೊಂದು ರೂಢಿ – ಸುಂದ್ರ್ಯಾನಿಗೆ ಹಾಲು-ರೊಟ್ಟಿ ಕಲಸಿ ಇಡುವುದು ನನ್ನ ಗಂಡ ಒಬ್ಬರೇ. ಬೇರೆಯವರ ಕೈ ಅದರ ಬಟ್ಟಲಿಗೆ ಹೋಗಬಾರದು. ಆ ದಿನ ಅವರು ಹೊಲದಲ್ಲಿದ್ದರು. ನಾನೇ ಹನ್ನಾಳ ಕೈಗೆ ಬಟ್ಟಲು ಕೊಟ್ಟೆ. ಫೋಟೊ ತೆಗೆದು ತಂಗಿಗೆ ಕಳಿಸಬೇಕಿತ್ತು ನನಗೆ. ಹಿಂದಿನ ದಿನದಿಂದ ನಾಯಿ ಮಂಕಾಗಿತ್ತು, ಕಂಡಿದ್ದೆ. ಬಿಸಿಲು ಎಂದುಕೊಂಡೆ.

ಕಚ್ಚಿದ್ದು ಒಂದೇ ಸಲ. ಮಣಿಕಟ್ಟಿನ ಮೇಲೆ ಎರಡು ಹಲ್ಲಿನ ಗುರುತು, ಸ್ವಲ್ಪ ರಕ್ತ. ಸೋಪು ಹಚ್ಚಿ ತೊಳೆದು ಅರಿಷಿಣ ಒತ್ತಿದೆ. ಅವಳು ಅಳಲಿಲ್ಲ, ನನ್ನ ಮುಖವನ್ನೇ ನೋಡಿದಳು.

"ಅವ್ವಾ, ದವಾಖಾನಿಗಿ ಹೋಗೂಣೇನ್ರಿ?"

"ಬ್ಯಾಡ ಬಿಡವ್ವಾ. ಮನಿ ನಾಯಿ ಐತಿ, ಏನೂ ಆಗಂಗಿಲ್ಲ. ಯಾರ ಮುಂದೂ ಹೇಳಬ್ಯಾಡ."

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ನಾಯಿ ಕಚ್ಚಿದರೆ ಅವತ್ತೇ ಸೂಜಿ ಹಾಕಿಸಬೇಕು ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಆದರೆ ಕಾಲೇಜಿಗೆ ಗೊತ್ತಾದರೆ ಉಳಿದ ಐದು ದಿನಕ್ಕೂ ಅವಳನ್ನು ಬೇರೆ ಮನೆಗೆ ಕಳಿಸುತ್ತಾರೆ, ಓಣಿಯವರು ಆಡಿಕೊಂಡು ನಗುತ್ತಾರೆ – ಅವತ್ತು ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ.

ಐದು ದಿನ ಬಿಟ್ಟು ಅವಳು ತನ್ನ ಊರಿಗೆ ಹೋದಳು. ಅದಾದ ಮೂರನೇ ದಿನ ನಾಯಿ ಸತ್ತಿತು. ನೀರು ಮುಟ್ಟುತ್ತಿರಲಿಲ್ಲ, ಜೊಲ್ಲು ಸುರಿಸುತ್ತಿತ್ತು. ಕಚ್ಚಿದ ಸುದ್ದಿಯೇ ಗೊತ್ತಿಲ್ಲದ ನನ್ನ ಗಂಡ ಅಳುತ್ತಾ ಕಬ್ಬಿನ ಹೊಲದ ಬದುವಿನಲ್ಲಿ ಹೂಳಿ ಬಂದರು. ಹುಚ್ಚೇ ಹಿಡಿದಿತ್ತೋ, ಯಾರಾದರೂ ಏನಾದರೂ ತಿನ್ನಿಸಿದ್ದರೋ – ಪರೀಕ್ಷೆ ಮಾಡಿಸಲು ನಾನು ಬಿಡಲಿಲ್ಲ. ಗೊತ್ತಾಗಿಬಿಟ್ಟರೆ ಅವಳಿಗೆ ಹೇಳಬೇಕಾಗುತ್ತದಲ್ಲ.

ಸುಂದ್ರ್ಯಾ ಹೇಗಿದ್ದಾನೆ ಎಂದು ಅವಳು ಪ್ರತಿ ವಾರ ಕೇಳುತ್ತಿದ್ದಳು. ಆರಾಮಿದ್ದಾನೆ ಎಂದು ಬರೆದು ಹಳೆಯ ಫೋಟೊ ಕಳಿಸುತ್ತಿದ್ದೆ. ಈ ರೇಬೀಸ್ ರೋಗ ಕೆಲವೊಮ್ಮೆ ವರ್ಷಗಟ್ಟಲೆ ಮೈಯೊಳಗೆ ಸುಮ್ಮನೆ ಕೂತಿರುತ್ತದೆ, ಎದ್ದರೆ ಮತ್ತೆ ಮದ್ದಿಲ್ಲ – ಅದೂ ನನಗೆ ಗೊತ್ತಿದ್ದದ್ದೇ. ಅವಳ ಮೆಸೇಜು ಒಂದು ದಿನ ತಡವಾದರೆ ಪಾಠದ ನಡುವೆಯೂ ಫೋನ್ ತೆಗೆದು ನೋಡುತ್ತಿದ್ದೆ. ನೆಗಡಿ ಎಂದು ಬರೆದರೆ ನೀರು ಸರಿಯಾಗಿ ಕುಡಿಯುತ್ತೀಯಾ ಎಂದು ಮತ್ತೆ ಮತ್ತೆ ಕೇಳುತ್ತಿದ್ದೆ. ಪಾಪ, ಅವಳು ಅದನ್ನು ತಾಯಿಯ ಕಾಳಜಿ ಎಂದು ತಿಳಿದುಕೊಂಡಳು.

ನಿನ್ನೆ ಮಣಿಕಟ್ಟಿನ ಮೇಲೆ ಉಳಿದ ಹಲ್ಲಿನ ಕಲೆಯ ಫೋಟೊ ಕಳಿಸಿ, ಇದು ಮುಧೋಳದ ನೆನಪು ಎಂದು ಬರೆದಳು. ಇನ್ನು ಆಗಲಿಲ್ಲ ನನ್ನಿಂದ. ಇವತ್ತು ಬೆಳಿಗ್ಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ – ಎಂಟನೇ ದಿನ, ಜೊಲ್ಲು, ಹಳೆಯ ಫೋಟೊಗಳು. ಈಗಲೇ ದವಾಖಾನೆಗೆ ಹೋಗು, ಸೂಜಿ ಹಾಕಿಸಿಕೋ ಎಂದೆ. ಅವಳು ಕೇಳಿದ್ದು ಒಂದೇ.

"ಅವತ್ತ ಯಾಕ ಬ್ಯಾಡ ಅಂದ್ರಿ?"

"ನನ್ನ ಮಾನ ಹೋಗತೈತಂತ."

ಅದಕ್ಕಿಂತ ದೊಡ್ಡ ಕಾರಣ ಇರಲಿಲ್ಲ. ಅವಳು ಫೋನ್ ಇಟ್ಟಳು.

ಸಂಜೆ ನನ್ನ ಗಂಡ ಹೊಲದಿಂದ ಬಂದ ಕೂಡಲೇ ಹೇಳುತ್ತೇನೆ. ನಾಳೆ ಕಾಲೇಜಿಗೂ ಹೋಗಿ ಹೇಳುತ್ತೇನೆ. ಹನ್ನಾ ದವಾಖಾನೆ ಮುಟ್ಟಿದಳೋ ಇಲ್ಲವೋ – ಇನ್ನೂ ಮೆಸೇಜು ಬಂದಿಲ್ಲ.