ಬಿ.ಪಿ. ನೋಡುವಾಗ ಬಾಯಿ ಮುಚ್ಚಬೇಕು

ದೆಹಲಿಯಲ್ಲಿ ಅರ್ಧ ಆಯುಸ್ಸು ಕಳೆದರೂ ನನಗೆ ಒಂದು ಪ್ರಶ್ನೆ ಮಾತ್ರ ಇನ್ನೂ ಅರಗಿಲ್ಲ. ಯಾರಾದರೂ ‘ಆಪ್ ಮದ್ರಾಸಿ ಹೈಂ?’ ಎಂದರೆ ಸಾಕು, ಪಿತ್ತ ನೆತ್ತಿಗೇರುತ್ತದೆ. ಕರ್ನಾಟಕ ಎಲ್ಲಿದೆ, ಅಲ್ಲಿ ಯಾವ ಭಾಷೆ ಆಡುತ್ತಾರೆ ಎಂದು ಪೂರ್ತಿ ಹೇಳದೆ ನಾನು ಬಿಡುವವಳಲ್ಲ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ, ಮಾತೇ ನನ್ನ ಅನ್ನ. ಈ ಚಟವೇ ಒಂದು ದಿನ ಅಕ್ಕನ ಪ್ರಾಣಕ್ಕೆ ಅಡ್ಡ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಅಕ್ಕನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ನನ್ನನ್ನು ಈ ಊರಿಗೆ ಕರೆತಂದು, ತನ್ನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಇಟ್ಟುಕೊಂಡು ಓದಿಸಿದವಳು ಅವಳು. ಈಗ ರೋಹಿಣಿ ಬಡಾವಣೆಯ ನನ್ನ ಮನೆಯಲ್ಲಿದ್ದು ಡಯಾಲಿಸಿಸ್‌ಗೆ ಹೋಗಿಬರುತ್ತಿದ್ದಳು. ಸೂಜಿಗಿಂತ ನನಗೆ ನೋಡಲಾಗದೆ ಇದ್ದದ್ದು ಅವಳ ನೀರು. ಮೈಯಲ್ಲಿ ನೀರು ತುಂಬಿಕೊಳ್ಳಬಾರದೆಂದು ಇಡೀ ದಿನಕ್ಕೆ ಒಂದೇ ಬಾಟಲಿ. ಜೂನ್ ತಿಂಗಳ ‘ಲೂ’ ಎಂಬ ಬೆಂಕಿಯಂಥ ಬಿಸಿಗಾಳಿಯಲ್ಲೂ ಅದನ್ನು ಮುಚ್ಚಳಕ್ಕೆ ಸುರಿದುಕೊಂಡು ನಾಲಿಗೆ ತೋಯಿಸಿಕೊಳ್ಳುತ್ತಿದ್ದಳು. ನಾನು ಅವಳೆದುರು ನೀರು ಕುಡಿಯುವುದನ್ನೇ ಬಿಟ್ಟಿದ್ದೆ. ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕಳ್ಳಿಯ ಹಾಗೆ ಕುಡಿಯುತ್ತಿದ್ದೆ.

ನನ್ನದೊಂದು ಕಿಡ್ನಿ ಕೊಡುತ್ತೇನೆಂದೆ. ರಕ್ತ ಹೊಂದಿತು, ಸ್ಕ್ಯಾನ್ ಚೆನ್ನಾಗಿ ಬಂತು. ಕೊನೆಗೆ ಉಳಿದದ್ದು ಬಿ.ಪಿ.

ಆಸ್ಪತ್ರೆಯ ಗಿಜಿಗುಡುವ ಕಾರಿಡಾರಿನಲ್ಲಿ ಒಂದು ಸ್ಟೂಲು. ನರ್ಸ್ ನನ್ನ ಕುರ್ತಾದ ತೋಳಿನ ಮೇಲೆಯೇ ಪಟ್ಟಿ ಸುತ್ತಿ, ಯಂತ್ರದ ಗುಂಡಿ ಒತ್ತಿ, ಅಕ್ಕರೆಯಿಂದಲೇ ಕೇಳಿದಳು: “ಆಪ್ ಮದ್ರಾಸಿ ಹೈಂ ನ? ಇಡ್ಲಿ ತೋ ರೋಜ್ ಬನತೀ ಹೋಗೀ!” ನಾನು ಶುರುಮಾಡಿದೆ. ಬೀದರ್‌ನಿಂದ ಹೊರಟು ಚಾಮರಾಜನಗರ ತಲುಪುವಷ್ಟರಲ್ಲಿ ಯಂತ್ರ ಕುಯ್ಯೆಂದಿತು. ನೂರ ಐವತ್ತೆಂಟಕ್ಕೆ ತೊಂಬತ್ತಾರು! ಮುಂದಿನ ವಾರ ಮತ್ತೆ ಕರೆದರು. ಆ ಸಲ ಯಾರೂ ಏನೂ ಕೇಳಲಿಲ್ಲ. ಆದರೆ ಕೇಳಿಯೇ ಕೇಳುತ್ತಾರೆಂದು ಹಲ್ಲು ಕಚ್ಚಿ ಕಾದದ್ದಕ್ಕೋ, ಎಲ್ಲಿ ಅಕ್ಕನ ಅವಕಾಶ ತಪ್ಪೀತೋ ಎಂಬ ಹೆದರಿಕೆಗೋ, ಮತ್ತೆ ಅಷ್ಟೇ ಬಂತು.

ಡಾಕ್ಟರು ಸುತ್ತಿಬಳಸಲಿಲ್ಲ. ಬಿ.ಪಿ. ಇರುವವರ ಕಿಡ್ನಿ ತೆಗೆದರೆ ಮುಂದೆ ಅವರನ್ನೇ ಡಯಾಲಿಸಿಸ್‌ಗೆ ಮಲಗಿಸಬೇಕಾಗಬಹುದು, ಅದು ತಮ್ಮ ಕೈಯಲ್ಲಿ ಆಗದ ಕೆಲಸ ಎಂದರು. ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ಅಳಲಿಲ್ಲ.

“ನಿಂಗೆ ನಿಜವಾಗ್ಲೂ ಬಿ.ಪಿ. ಇದ್ರೆ ನಿನ್ನ ಕಿಡ್ನಿ ನಂಗೆ ಬೇಡ ಕಣೇ. ಒಬ್ಬಳು ಏಳೋದಕ್ಕೆ ಇನ್ನೊಬ್ಬಳು ಮಲಗೋದು ಯಾವ ನ್ಯಾಯ?” ಎಂದಳು.

ಅವಳ ಹಠ ನನ್ನದಕ್ಕಿಂತ ಒಂದು ಕೈ ಮೇಲು. ಗುಟ್ಟಾಗಿ ಮಾತ್ರೆ ನುಂಗಿ ಪಾಸಾಗುವ ದಾರಿ ಅಲ್ಲಿಗೆ ಮುಚ್ಚಿತು. ಬಿ.ಪಿ. ಇಲ್ಲವೆಂದು ತೋರಿಸಬೇಕಾದರೆ ಅದು ನಿಜವಾಗಿಯೂ ಇರಬಾರದು.

ಮರುದಿನ ಬೆಳಿಗ್ಗೆ ಅಕ್ಕ ತನ್ನ ಬಿ.ಪಿ. ಯಂತ್ರ ತಂದು ಊಟದ ಮೇಜಿನ ಮೇಲಿಟ್ಟಳು. ಡಯಾಲಿಸಿಸ್ ಆಗುವಾಗೆಲ್ಲ ಬಿ.ಪಿ. ನೋಡಿಸಿಕೊಂಡು ಅವಳು ಆ ವಿದ್ಯೆಯಲ್ಲಿ ಪಂಡಿತಳಾಗಿದ್ದಳು.

“ತೋಳು ಮೇಲಕ್ಕೆ ಸರಿಸು. ಬೆನ್ನು ಕುರ್ಚಿಗೆ ಆನಿಸು. ಕಾಲ ಮೇಲೆ ಕಾಲು ಹಾಕ್ಬೇಡ. ಕೈ ಮೇಜಿನ ಮೇಲಿಡು. ಈಗ ಐದು ನಿಮಿಷ ಉಸಿರೆತ್ತಬೇಡ.”

“ಉಸಿರೇ ಆಡ್ಬಾರ್ದಾ?”

“ಮಾತಾಡ್ಬೇಡ ಅಂದೆ!”

ನೂರ ಇಪ್ಪತ್ತೆರಡಕ್ಕೆ ಎಪ್ಪತ್ತೆಂಟು. ಒಂದು ವಾರ ಬೆಳಿಗ್ಗೆ ಸಂಜೆ ನೋಡಿದರೂ ಹೆಚ್ಚುಕಮ್ಮಿ ಅಷ್ಟೇ. “ನಿಂಗಿರೋದು ಬಿ.ಪಿ. ಅಲ್ಲ, ಬಾಯಿ” ಎಂದು ಅಕ್ಕ ತೀರ್ಪು ಕೊಟ್ಟಳು.

ಡಾಕ್ಟರಿಗೆ ಅದು ಸಾಲಲಿಲ್ಲ. ಕಿಡ್ನಿ ಕೊಡಲು ಬಂದವರ ಮನೆಯ ಲೆಕ್ಕ ಯಾವಾಗಲೂ ಚೆನ್ನಾಗಿಯೇ ಇರುತ್ತದೆ ಎಂದು ನಕ್ಕರು. ಆದರೆ ನ್ಯಾಯವಂತ ಮನುಷ್ಯ. ಕೆಲವರಿಗೆ ಬಿಳಿ ಕೋಟು ಕಂಡರೆ ಮಾತ್ರ ಏರುತ್ತದೆ, ಇನ್ನು ಕೆಲವರಿಗೆ ಇಲ್ಲಿ ಸರಿಯಿದ್ದು ಮನೆಯಲ್ಲಿ ಏರುತ್ತದೆ, ನೀವು ಯಾವ ಜಾತಿಯೆಂದು ಇಪ್ಪತ್ತನಾಲ್ಕು ಗಂಟೆಯ ಯಂತ್ರವೇ ಹೇಳಲಿ ಎಂದರು. ತೋಳಿಗೆ ಪಟ್ಟಿ, ಸೊಂಟಕ್ಕೊಂದು ಡಬ್ಬಿ. ಅರ್ಧ ಗಂಟೆಗೊಮ್ಮೆ ತಾನಾಗಿ ಬಿಗಿದು ಅಳೆಯುತ್ತದೆ. ದಿನದ ಕೆಲಸವೆಲ್ಲ ಮಾಡಬಹುದು, ಪಟ್ಟಿ ಬಿಗಿದಾಗ ಮಾತ್ರ ಕೈ ಇಳಿಬಿಟ್ಟು ಸುಮ್ಮನಿರಬೇಕು. ಇದೇ ಕೊನೆಯ ಅವಕಾಶ ಎಂದೂ ಹೇಳಿದರು.

ಯಂತ್ರ ಕಟ್ಟಿಸಿಕೊಂಡು ನೇರ ಕಾಲೇಜಿಗೆ ಹೋದೆ. ಪಾಠದ ನಡುವೆ ಪಟ್ಟಿ ಬಿಗಿಯಿತು, ಅರ್ಧ ವಾಕ್ಯಕ್ಕೇ ನಿಂತೆ. ನನ್ನ ಕ್ಲಾಸು ಅಂಥ ಮೌನ ಕಂಡಿರಲಿಲ್ಲ. ಮುಂದಿನ ಬೆಂಚಿನ ಹುಡುಗಿ, “ಮ್ಯಾಮ್, ಯೇ ಮಶೀನ್ ರೋಜ್ ಪೆಹನಿಯೇ ನ!” ಎಂದಳು, ದಿನಾ ಇದನ್ನು ಕಟ್ಟಿಕೊಂಡೇ ಬನ್ನಿ ಅಂತ. ಪಟ್ಟಿ ಸಡಿಲವಾಗುವವರೆಗೆ ಕಾದು, ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕೆ.

ನಿಜವಾದ ಪರೀಕ್ಷೆ ನಡೆದದ್ದು ಸಂಜೆ, ತರಕಾರಿ ಗಾಡಿಯ ಮುಂದೆ. ಕರಿಬೇವು ಕೇಳಿದೆ. ಭಯ್ಯಾ ಒಂದು ಹಿಡಿ ಎತ್ತಿಕೊಡುತ್ತ, “ಆಂಟೀಜೀ, ಮದ್ರಾಸಿ ಲೋಗ್ ತೋ ಚಾಯ್ ಮೇಂ ಭೀ ಕಡೀಪತ್ತಾ ಡಾಲ್ತೇ ಹೋಂಗೇ!” ಎಂದು ನಮ್ಮ ಚಹಾಕ್ಕೂ ಕರಿಬೇವು ಹಾಕಿಸಿಬಿಟ್ಟ. ಅದೇ ಗಳಿಗೆಗೆ ಪಟ್ಟಿ ಬಿಗಿಯತೊಡಗಿತು. ಬೀದರ್ ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ಅಷ್ಟರಲ್ಲಿ ಅಕ್ಕನ ಬಾಟಲಿಯ ಮುಚ್ಚಳ ನೆನಪಾಯಿತು, ಅದರಲ್ಲಿ ತಳಕ್ಕಂಟಿದ ಆ ಎರಡು ಹನಿ ನೀರು. ಕೈ ಇಳಿಬಿಟ್ಟು ನಿಂತೆ. ಎಷ್ಟು ಬೇಕಾದರೂ ಅನ್ನಪ್ಪ, ಇವತ್ತು ನಾನು ಮದ್ರಾಸಿಯೇ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ವಿಚಿತ್ರವೆಂದರೆ ಸಿಟ್ಟು ಬರಲೇ ಇಲ್ಲ. ಭಯ್ಯಾ ಗಾಬರಿಯಾಗಿ, “ತಬೀಯತ್ ಠೀಕ್ ಹೈ, ಆಂಟೀಜೀ?” ಎಂದ. ಪಟ್ಟಿ ಉಸ್ಸೆಂದು ಸಡಿಲವಾಯಿತು.

“ಅಬ್ ಸುನೋ ಭಯ್ಯಾ,” ಎಂದು ಬೀದರ್‌ನಿಂದ ಶುರುಮಾಡಿದೆ. ಚಾಮರಾಜನಗರಕ್ಕೆ ಬರುವ ಹೊತ್ತಿಗೆ ಅವನು ತಪ್ಪು ಕಾಣಿಕೆಯಾಗಿ ಒಂದು ಕಟ್ಟು ಕೊತ್ತಂಬರಿ ಹಾಕಿದ್ದ.

ಮರುದಿನ ಡಾಕ್ಟರು ಕಂಪ್ಯೂಟರಿನಲ್ಲಿ ಒಂದೊಂದೇ ಅಂಕಿ ನೋಡುತ್ತ ಹೋದರು. ನಾನು ಅವರ ಮುಖ ನೋಡುತ್ತ ಕೂತೆ. ಹಗಲಿನ ಸರಾಸರಿ ಸರಿಯಿತ್ತು, ನಿದ್ದೆಯಲ್ಲಿ ಇನ್ನೂ ಇಳಿದಿತ್ತು. ಏರಿದ್ದದ್ದು ಒಂದೇ ಒಂದು, ಅದು ಇವರ ಆಸ್ಪತ್ರೆಯಲ್ಲೇ ಯಂತ್ರ ಕಟ್ಟಿದಾಗ ತೆಗೆದ ಮೊದಲನೆಯದು. “ನಿಮಗೆ ಬಿ.ಪಿ. ಇಲ್ಲ ಮೇಡಂ, ಆಪರೇಷನ್‌ಗೆ ತಯಾರಾಗಿ” ಎಂದು ಎದ್ದು ನಿಂತು ಕೈಕುಲುಕಿದರು. ಆಸ್ಪತ್ರೆಯ ಗೇಟಿನ ಹತ್ತಿರ ಓಡಿಬಂದು ಫೋನಿನಲ್ಲಿ, “ಅಕ್ಕಾ, ಗೆದ್ದೆ ಕಣೇ, ಗೆದ್ದೆ!” ಎಂದು ಕಿರುಚಿದೆ. ಆಟೋದವರೆಲ್ಲ ತಿರುಗಿ ನೋಡಿದರು. ನೋಡಲಿ, ನನಗೇನು!

ಆಪರೇಷನ್ ಆಗಿ ಕೆಲವು ದಿನಗಳ ಮೇಲೆ, ಹೊಲಿಗೆಯ ಮೇಲೆ ಕೈ ಒತ್ತಿಕೊಂಡು, ಮಾಸ್ಕ್ ಹಾಕಿಕೊಂಡು, ಅಕ್ಕನ ಕೋಣೆಗೆ ನಿಧಾನವಾಗಿ ನಡೆದುಹೋದೆ. ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿದೆ, ಈಗ ನೀರು ಹೆಚ್ಚು ಕುಡಿಯಬೇಕು ಎಂದು ನರ್ಸ್ ಹೇಳಿಹೋಗಿದ್ದಳು. ಮನೆಯಿಂದ ತರಿಸಿದ ದೊಡ್ಡ ಸ್ಟೀಲ್ ಲೋಟದ ತುಂಬ ನೀರು ಸುರಿದು ಕೊಟ್ಟೆ. ಅಕ್ಕ ಹಳೆಯ ಅಭ್ಯಾಸದಂತೆ ಮೊದಲು ನಾಲಿಗೆ ತೋಯುವಷ್ಟೇ ಹೀರಿದಳು. ನನ್ನ ಮುಖ ನೋಡಿದಳು. ಆಮೇಲೆ ಲೋಟ ಎತ್ತಿ ಗಟಗಟನೆ ಕುಡಿದಳು. ನೀರು ಗಲ್ಲದಿಂದಿಳಿದು ಕತ್ತು, ಅಂಗಿ ಎಲ್ಲ ನೆನೆಯಿತು.

ಆಗ ನನ್ನ ತೋಳಿಗೆ ಯಾವ ಪಟ್ಟಿಯೂ ಇರಲಿಲ್ಲ. ಆದರೂ ಬಾಯಿಂದ ಒಂದು ಮಾತೂ ಹೊರಡಲಿಲ್ಲ.

ಅಕ್ಕ ಬಾಯಿ ಒರೆಸಿಕೊಂಡು ಖಾಲಿ ಲೋಟ ನನ್ನ ಕಡೆ ಚಾಚಿದಳು.

“ಇನ್ನೊಂದು ಲೋಟ ಕೊಡೇ.”