ಪಿಕಪ್ಪಿನ ಎಡಬಾಗಿಲು

ಮುಧೋಳದ ನಮ್ಮ ಹಿತ್ತಲಲ್ಲಿ ಹಳೇ ಪಿಕಪ್ ಗಾಡಿಯೊಂದನ್ನು ವರ್ಷದಿಂದ ರಿಪೇರಿ ಮಾಡುತ್ತಿದ್ದೆ. ಎಡಬಾಗಿಲೊಂದು ಸಿಕ್ಕಿರಲಿಲ್ಲ. ಬೀಳಗಿ ಹತ್ತಿರದ ತೋಟದ ಮನೆಯೊಂದರಲ್ಲಿ ಇದೆಯೆಂದು ಕೇಳಿ ಓಡಿದೆ. ಖರೇನೇ ಇತ್ತು, ಆದರೆ ಬಚ್ಚಲಮನೆಗೆ ಬಾಗಿಲಾಗಿ ಹಾಕಿದ್ದರು. ಗಟ್ಟಿಯಿದೆಯೇ ಎಂದು ತಟ್ಟಿದೆ. ಬಣ್ಣ ಬಳಿದಿದ್ದ ಗಾಜು ಕಿರ್ರೆಂದು ನಾಲ್ಕು ಬೆರಳು ಕೆಳಗಿಳಿಯಿತು. ಒಳಗೆ ಸೋಪಿನ ನೊರೆ ತುಂಬಿದ ಅಜ್ಜಿಯ ಮುಖ.

"ಯಾರಪಾ?"

ನಾನು ಆಕಾಶ ನೋಡುತ್ತ, "ಈ ಬಾಗಿಲಾ ಕೊಡ್ತೀರೇನ್ರಿ?" ಎಂದೆ.

"ಈಗನ?"

"ನಿಮ್ಮ ಜಳಕಾ ಮುಗದ ಮ್ಯಾಲ್ರಿ."

"ಬದಲಿ ಬಾಗಿಲಾ ತಂದು ಒಯ್ಯಿ," ಎಂದು ಅಜ್ಜಿ ಗಾಜು ಏರಿಸಿದಳು.

ಮರುದಿನ ನಮ್ಮ ಬಚ್ಚಲಿನ ಬಾಗಿಲನ್ನೇ ಬಿಚ್ಚಿ ಕೊಟ್ಟು ಅದನ್ನು ತಂದೆ. ಗಾಡಿ ಪೂರ್ತಿಯಾಯಿತು. ಹೆಂಡತಿ ಮಾತ್ರ ಜಳಕಕ್ಕೆ ಜಮಖಂಡಿಯ ತವರಿಗೇ ಹೋಗುತ್ತೇನೆ ಎಂದು ಹಟ ಹಿಡಿದಿದ್ದಾಳೆ. ದಿನಾ ಪಿಕಪ್ಪಿನಲ್ಲೇ ಬಿಟ್ಟು ಬರುತ್ತೇನೆ.